ನಜ್ಮಾ ಹತ್ತಿದ ಬಂಡೆ

ದೋಹಾದ ಬಿನ್ ಮಹಮೂದ್ ಬಡಾವಣೆಯ ಆ ಹಳೆಯ ಕಟ್ಟಡದಲ್ಲಿ ಲಿಫ್ಟ್ ಇದ್ದೂ ಮೆಟ್ಟಿಲು ಹತ್ತುವವಳೆಂದರೆ ನಜ್ಮಾ ಒಬ್ಬಳೇ. ತರಕಾರಿ ಚೀಲ ಹಿಡಿದು ಮನೆಗೆ ಏರಿ ಬಂದವಳು, ಕೊತ್ತಂಬರಿ ಸೊಪ್ಪು ಮರೆತೆ ಎಂದು ಮತ್ತೆ ಇಳಿಯುತ್ತಿದ್ದಳು. ಮರೆತಿರುತ್ತಿರಲಿಲ್ಲ. ಅದು ಕೆಳಗಿನ ಕಿರಾಣಿ ಅಂಗಡಿಯವನಿಗೂ ತಿಳಿದು, "ಇವತ್ತು ಎಂತ ಮರೆತದ್ದು?" ಎಂದು ನಗುತ್ತಿದ್ದ. ಕೂತರೆ ಕಾಲು ಜುಮ್ಮೆನ್ನುತ್ತದೆ ಎಂದು ಅವಳು ಹೇಳುವುದು. ಕಾಲಲ್ಲ, ಎದೆಯೊಳಗೆ ಏನೋ ಜುಮ್ಮೆನ್ನುತ್ತಿತ್ತು. ಅದನ್ನು ಯಾರಿಗೆ ಹೇಳುವುದು?

ವಿಟ್ಲದ ಹತ್ತಿರದ ಊರಿನಿಂದ ಮದುವೆಯಾದ ಹೊಸದರಲ್ಲಿ ದೋಹಾಕ್ಕೆ ಬಂದವಳು. ಗಂಡ ಯೂಸುಫ್‌ನದು ಪರದೆ ಹೊಲಿದು ಕೊಡುವ ಅಂಗಡಿ. ಅಂಗಡಿ ಇದ್ದ ಪ್ರದೇಶದ ಹೆಸರೂ ನಜ್ಮಾ ಎಂದೇ. ಮದುವೆಗೆ ಮೊದಲೇ ನಿನ್ನ ಹೆಸರಿನ ಬೋರ್ಡು ಹಾಕಿಸಿಟ್ಟಿದ್ದೆ ಎಂದು ಅವನು ಅವಳನ್ನು ಮೊದಲ ಸಲ ಅಲ್ಲಿಗೆ ಕರೆದುಕೊಂಡು ಹೋದಾಗ ಹೇಳಿದ್ದ. ಅವಳು ಒಂದು ಕ್ಷಣ ನಂಬಿಯೂ ಬಿಟ್ಟಿದ್ದಳು. ಹಾಗೆ ಹೇಳಿ ನಗಿಸುವ ಗಂಡಸು ಅವನು. ಮಗಳು ನಹ್ಲಾ ಇಲ್ಲಿಯೇ ಹುಟ್ಟಿ, ಇಲ್ಲಿಯೇ ಓದಿ, ಈಗ ಅಲ್ ಸದ್ದ್‌ನ ಒಂದು ಕ್ಲಿನಿಕ್ಕಿನಲ್ಲಿ ಫಾರ್ಮಸಿಸ್ಟ್ ಆಗಿದ್ದಳು.

ಚಳಿಗಾಲ ಮುಗಿಯುವ ಹೊತ್ತಿಗೆ ಒಂದು ಶುಕ್ರವಾರ, ನಮಾಜು ಮುಗಿಸಿ ಬಂದು ಊಟಕ್ಕೆ ಕೂತಾಗ, ಯೂಸುಫ್ ತಟ್ಟೆ ನೋಡಿಕೊಂಡೇ ಹೇಳಿದ: "ಖಲಾಸ್. ಅಂಗಡಿ ಯಾರಿಗಾದ್ರೂ ಬಿಟ್ಟುಕೊಟ್ಟು ಊರಿಗೆ ಹೋಗುವ. ಸಾಕಾಯ್ತು."

"ಯಾವಾಗ?" ಎಂದಳು ನಜ್ಮಾ.

"ಈ ವರ್ಷವೇ."

ಅಷ್ಟೇ ಮಾತು. ಅವನು ಮೀನಿನ ಮುಳ್ಳನ್ನು ಬೆರಳಿನಿಂದ ತಡವಿ ತಡವಿ ತೆಗೆಯುತ್ತಿದ್ದ. ಅವಳು ಎದ್ದು ಹೋಗಿ, ತೊಳೆದಿಟ್ಟ ಪಾತ್ರೆಗಳನ್ನೇ ಇನ್ನೊಮ್ಮೆ ತೊಳೆದಳು. ಹೋಗುವುದೋ ಬೇಡವೋ ಎಂದು ಅವನು ಕೇಳಿರಲಿಲ್ಲ. ಬರುವಾಗಲೂ ಯಾರೂ ಕೇಳಿರಲಿಲ್ಲ ಎಂಬುದು ಆಗ ನೆನಪಾಯಿತು.

ಆಮೇಲೆ ಅವಳ ನಡಿಗೆ ಹೆಚ್ಚಾಯಿತು. ಬೆಳಿಗ್ಗೆ ಮೆಟ್ರೋ ಹತ್ತಿ ಆಸ್ಪೈರ್ ಪಾರ್ಕಿಗೆ ಹೋಗುವಳು. ಹತ್ತಿರದ ಅಲ್ ಅಜೀಜಿಯಾದಲ್ಲಿ ಗಂಡ ಅಕ್ಷಯ್ ಜೊತೆ ಮನೆ ಮಾಡಿಕೊಂಡಿದ್ದ ಗೆಳತಿ ಶರ್ಮಿಳಾ ಅಲ್ಲಿಗೆ ಬರುತ್ತಿದ್ದಳು. ಉಡುಪಿ ಕಡೆಯವಳು, ನಜ್ಮಾಳಿಗಿಂತ ಹತ್ತು ವರ್ಷ ಚಿಕ್ಕವಳು. ಇಬ್ಬರೂ ಕೆರೆಯ ಸುತ್ತ ನಡೆಯುವರು. ಸುತ್ತು ಮುಗಿದರೂ ನಜ್ಮಾಳಿಗೆ ಸಾಲದು. ಪಾರ್ಕಿನಲ್ಲಿ ಮಣ್ಣು ಸುರಿದು ಹುಲ್ಲು ಬೆಳೆಸಿದ ಒಂದು ದಿಬ್ಬವಿದೆ. ಅದನ್ನು ಹತ್ತಿ ಇಳಿದು, ಹತ್ತಿ ಇಳಿದು ಬರುವಳು.

"ನಜ್ಮಕ್ಕ, ಈ ಊರಿನಲ್ಲಿ ಇರುವುದೇ ಇಷ್ಟು ಗುಡ್ಡ. ಅದನ್ನು ಸವೆಸಿ ಹಾಕಬೇಡಿ ಮಾರಾಯ್ರೆ," ಎಂದಳು ಒಂದು ದಿನ ಶರ್ಮಿಳಾ, ಬೆಂಚಿನ ಮೇಲೆ ಕೂತು ನೀರು ಕುಡಿಯುತ್ತ.

"ನಿನಗೆ ಊರಿಗೆ ಹೋಗಿ ಇರು ಅಂದ್ರೆ ಇರ್ತೀಯಾ?"

"ಅಕ್ಷಯ್ ಬರ್ತಾರಾದ್ರೆ ಇರಬಹುದಪ್ಪ. ಯಾಕೆ?"

ನಜ್ಮಾ ಉತ್ತರ ಕೊಡದೆ ಮತ್ತೆ ದಿಬ್ಬದ ಕಡೆ ಹೊರಟಳು. ಮೇಲೆ ನಿಂತರೆ ಕಾಣುವುದು ಚಪ್ಪಟೆ ಊರು. ಗಾಜಿನ ಕಟ್ಟಡಗಳು, ಅವುಗಳಾಚೆ ಧೂಳಿನ ಒಂದು ಗೆರೆ. ಅಲ್ಲಿಂದ ಎತ್ತ ನೋಡಿದರೂ ಕಣ್ಣು ಆ ಗೆರೆಗೇ ಹೋಗಿ ನಿಲ್ಲುತ್ತಿತ್ತು. ಅದೇ ಅವಳಿಗೆ ತಡೆಯಲಾಗದ್ದು.

ಮನೆಯಲ್ಲಿ ಯೂಸುಫ್ ಕೂಡ ಬದಲಾಗಿದ್ದ. ಅಂಗಡಿಗೆ ಕಾರಿನಲ್ಲಿ ಹೋಗುತ್ತಿದ್ದವನು ಮೆಟ್ರೋದಲ್ಲಿ ಹೋಗತೊಡಗಿದ. ಕೇಳಿದರೆ ಪಾರ್ಕಿಂಗ್ ಸಿಗುವುದಿಲ್ಲ ಎನ್ನುತ್ತಿದ್ದ. ಬೆಳಗಿನ ನಮಾಜಿನ ನಂತರ ಕುರ್‌ಆನ್ ತೆರೆದು ಓದುತ್ತಿದ್ದವನು ಈಗ ಫೋನಿನಲ್ಲಿ ಕೇಳಿಸಿಕೊಳ್ಳುತ್ತ ಕಣ್ಣು ಮುಚ್ಚಿ ಕೂರುತ್ತಿದ್ದ. ಒಮ್ಮೆ ಒಬ್ಬರ ವಿಲ್ಲಾಕ್ಕೆ ಬೂದು ಬಣ್ಣದ ಬದಲು ಹಸಿರು ಬಟ್ಟೆ ಕತ್ತರಿಸಿಕೊಟ್ಟದ್ದರಿಂದ, ಅಂಗಡಿಯಲ್ಲಿ ಹೊಲಿಯುವ ಅಝರ್ ಎಲ್ಲವನ್ನೂ ಹೊಸದಾಗಿ ಮಾಡಬೇಕಾಯಿತು. ಇವನ ಮನಸ್ಸು ಆಗಲೇ ವಿಟ್ಲದಲ್ಲಿ ಕೂತಿದೆ ಎಂದುಕೊಂಡಳು ನಜ್ಮಾ. ಅವನ ಮೇಲೆ ಸಿಟ್ಟು ಬರುತ್ತಿತ್ತು. ಸಿಟ್ಟು ಬಂದಾಗ ಮೆಟ್ಟಿಲು ಇಳಿಯುವಳು.

ಬಕ್ರೀದ್ ರಜೆಗೆ ಅರ್ಮೇನಿಯಾಕ್ಕೆ ಹೋಗುವುದು ಎಂದು ನಿರ್ಧರಿಸಿದವಳು ನಹ್ಲಾ. ಅವಳ ಜೊತೆ ಕೆಲಸ ಮಾಡುವವರೆಲ್ಲ ಹೋಗಿ ಬಂದಿದ್ದರು. ದೋಹಾದಿಂದ ನೇರ ವಿಮಾನ. ಬೆಟ್ಟ, ಕಾಡು, ತಂಪು. "ಉಮ್ಮಾ, ಅಲ್ಲಿ ಬೀಚ್ ಫಾರೆಸ್ಟ್ ಉಂಟು. ಟ್ರೆಕ್ ಮಾಡಿ ಹೋದ್ರೆ ರಾಕ್ ಮೇಲಿಂದ ವ್ಯೂ ಸೂಪರ್ ಅಂತೆ," ಎಂದಳು.

"ಬೀಚ್ ನೋಡ್ಲಿಕ್ಕೆ ವಿಮಾನ ಯಾಕೆ? ಇಲ್ಲೇ ಕಟಾರಾದ ಸಮುದ್ರಕ್ಕೆ ಹೋದ್ರಾಯ್ತಲ್ಲ," ಎಂದ ಯೂಸುಫ್.

"ಆ ಬೀಚ್ ಅಲ್ಲ ಉಪ್ಪಾ. ಮರದ ಹೆಸರು."

ಬಹಳ ದಿನಗಳ ಮೇಲೆ ಮೂವರೂ ಒಟ್ಟಿಗೆ ನಕ್ಕರು. ಶರ್ಮಿಳಾ ಮತ್ತು ಅವಳ ಗಂಡ ಅಕ್ಷಯ್ ಕೂಡ ಬರುತ್ತೇವೆ ಎಂದರು. ಹೊರಡುವ ಹಿಂದಿನ ವಾರ ಯೂಸುಫ್ ನನಗೆ ಅಂಗಡಿಯಲ್ಲಿ ಕೆಲಸವಿದೆ, ನೀವು ಹೋಗಿ ಬನ್ನಿ ಎಂದು ಹೇಳಿ ನೋಡಿದ. ನಹ್ಲಾ ಬಿಡಲಿಲ್ಲ. ಪರದೆಯವನಿಗೆ ಹಬ್ಬದ ಮುಂಚೆ ಕೆಲಸ. ಹಬ್ಬದ ದಿನದಿಂದ ಎಲ್ಲವೂ ಬಂದ್ ಎಂದು ಅವಳಿಗೆ ಗೊತ್ತಿಲ್ಲವೇ?

ದಿಲಿಜಾನ್ ಎಂಬ ಆ ಸಣ್ಣ ಊರನ್ನು ತಲುಪಿದಾಗ ನಜ್ಮಾಳಿಗೆ ಮೊದಲು ಆದದ್ದು ಕಿವಿ ತುಂಬಿದ ಅನುಭವ. ದೋಹಾದಲ್ಲಿ ಏಸಿಯ ಗುಂಯ್ ಸದ್ದು ಇಲ್ಲದ ಹೊತ್ತೇ ಇಲ್ಲ. ಇಲ್ಲಿ ಅದು ನಿಂತುಹೋಗಿ, ಆ ಜಾಗದಲ್ಲಿ ಹಕ್ಕಿ, ನೀರು, ಎಲ್ಲೋ ಒಂದು ಹಸುವಿನ ಗಂಟೆ. ತಂಗಿದ್ದ ಮನೆಯ ಅಜ್ಜಿ ಬೆಳಿಗ್ಗೆ ರೊಟ್ಟಿ, ಚೀಸು, ಜೇನು, ಬೇಯಿಸಿದ ಮೊಟ್ಟೆ ಇಟ್ಟಳು. ನಜ್ಮಾ ನಿಂತುಕೊಂಡೇ ತಿಂದು ಮುಗಿಸಿ, ಶೂ ಕಟ್ಟಿ, ಬಾಗಿಲ ಬಳಿ ಕಾಯುತ್ತಿದ್ದಳು.

"ಕಾಡು ಓಡಿ ಹೋಗುವುದಿಲ್ಲ ನಜ್ಮಕ್ಕ," ಎಂದ ಅಕ್ಷಯ್, ಎರಡನೆಯ ಮೊಟ್ಟೆ ಸುಲಿಯುತ್ತ.

"ನೀವು ತಿನ್ನಿ. ನಾನು ಗೇಟಿನ ತನಕ ಹೋಗಿರ್ತೇನೆ."

ಕಾಡಿನ ದಾರಿ ಊರಿನ ಕೊನೆಯ ಮನೆಯ ಹಿಂದಿನಿಂದಲೇ ಶುರುವಾಗುತ್ತಿತ್ತು. ಮರದ ಮೈಮೇಲೆ ಬಿಳಿ ಕೆಂಪು ಬಣ್ಣದ ಪಟ್ಟಿ ಬಳಿದಿದ್ದರು. ಅದನ್ನು ನೋಡಿಕೊಂಡು ಏರುತ್ತ ಹೋಗಬೇಕು. ಬೀಚ್ ಮರಗಳನ್ನು ನಜ್ಮಾ ಮುಟ್ಟಿ ನೋಡಿದಳು. ತೊಗಟೆ ಒರಟಲ್ಲ, ಬೂದಿ ಬಳಿದು ತಿಕ್ಕಿದ ಹಾಗೆ ನುಣ್ಣಗೆ, ತಣ್ಣಗೆ. ಕಾಂಡಗಳು ಕೊಂಬೆಯಿಲ್ಲದೆ ಬಹಳ ಎತ್ತರಕ್ಕೆ ಹೋಗಿ ಅಲ್ಲಿ ಒಮ್ಮೆಲೇ ಹಸಿರಾಗಿದ್ದವು. ಕೆಳಗೆ ಹೋದ ವರ್ಷದ ಕಂದು ಎಲೆಗಳು ಪಾದ ಮುಳುಗುವಷ್ಟು ಬಿದ್ದಿದ್ದವು. ಎಲೆಗಳ ನಡುವಿಂದ ಬಿಸಿಲು ತುಂಡು ತುಂಡಾಗಿ ಇಳಿದು, ನೆಲವೆಲ್ಲ ಬೆಳಕು ನೆರಳಿನ ಚುಕ್ಕೆಗಳು. ಗಾಳಿ ಬಂದರೆ ಆ ಚುಕ್ಕೆಗಳೆಲ್ಲ ಒಟ್ಟಿಗೆ ಕದಲುತ್ತಿದ್ದವು.

ಅವಳು ಮುಂದೆ ಮುಂದೆ ಹೋದಳು. ಏದುಸಿರು ಬಂತು, ಬೆವರು ಬಂತು, ನಿಲ್ಲಬೇಕೆನಿಸಲಿಲ್ಲ. ಹಿಂದಿನಿಂದ ಶರ್ಮಿಳಾಳ ನಗು, ನಹ್ಲಾಳ ಕರೆ ಕೇಳುತ್ತಿದ್ದವು. ಯೂಸುಫ್ ಎಲ್ಲರಿಗಿಂತ ಹಿಂದೆ. ಒಂದೊಂದು ತಿರುವಿನಲ್ಲೂ ಅವಳು ನಿಂತು ಕಾಯಬೇಕಾಗುತ್ತಿತ್ತು. ಅವನು ಒಂದು ಕೋಲು ಹಿಡಿದು, ನೆಲವನ್ನು ಕುಟ್ಟಿ ನೋಡಿ, ಕಾಲನ್ನು ಇಟ್ಟು, ಇಟ್ಟ ಮೇಲೂ ಸ್ವಲ್ಪ ತಡೆದು, ಆಮೇಲೆ ಭಾರ ಹಾಕುತ್ತಿದ್ದ. ಚೆನ್ನಾಗಿ ಬೆಳಕು ಬಿದ್ದಲ್ಲೂ ಎಡವುತ್ತಿದ್ದ.

"ಎಂತ ನೀವು, ಮದುಮಗಳ ಹಾಗೆ ಹೆಜ್ಜೆ ಹಾಕುವುದು," ಎಂದಳು.

"ನೀನು ಹೋಗು. ನಾನು ಬರ್ತೇನೆ."

"ಮನಸ್ಸಿಲ್ಲದಿದ್ರೆ ಬರಬಾರದಿತ್ತು."

ಅವನು ಕೋಲಿನಿಂದ ಮುಂದಿನ ಬೇರನ್ನು ತಡವಿದ. ಅವಳಿಗೆ ಆ ನಿಧಾನವೂ ಸಿಟ್ಟು ಬರಿಸಿತು. ತಿರುಗಿ ಇನ್ನೂ ಜೋರಾಗಿ ಹತ್ತಿದಳು. ಈ ಮನುಷ್ಯನ ಜೊತೆ ಊರಿಗೆ ಹೋಗಿ ಆ ದೊಡ್ಡ ಮನೆಯಲ್ಲಿ, ಅವನ ಅಣ್ಣ ತಮ್ಮಂದಿರ ಸಂಸಾರದ ನಡುವೆ ದಿನವೆಲ್ಲ ಕೂರುವುದೇ? ಹೇಳಿಬಿಡಬೇಕು. ಇವತ್ತೇ, ಆ ಬಂಡೆಯ ಮೇಲೆ ಹೋದ ಕೂಡಲೇ. ಹಾಗೆಂದು ಮಾತುಗಳನ್ನು ಜೋಡಿಸುತ್ತ ಹೋದಳು. ಅವು ಜೋಡಣೆಗೆ ಬರಲಿಲ್ಲ.

ಕಾಡು ಒಮ್ಮೆಲೇ ಮುಗಿಯಿತು. ಮುಂದೆ ಬೋಳು ಬಂಡೆ, ಕಾಡಿನಿಂದ ಹೊರಗೆ ಚಾಚಿಕೊಂಡ ಜಗಲಿಯ ಹಾಗೆ. ಅದರಾಚೆ ಏನೂ ಇಲ್ಲ. ಕೆಳಗಿನ ಕಣಿವೆಯಿಂದ ಮೋಡ ಏಳುತ್ತಿತ್ತು. ಅದು ಹರಿದ ಕಡೆ ಬಹಳ ಆಳದಲ್ಲಿ ಮರಗಳ ತುದಿಗಳು, ನೂಲಿನಂಥ ರಸ್ತೆ. ನಜ್ಮಾ ಎರಡು ಹೆಜ್ಜೆ ಮುಂದಿಟ್ಟಳು. ಅಷ್ಟರಲ್ಲಿ ಬಂಡೆಯೇ ವಾಲುತ್ತಿದೆ ಎನಿಸಿತು. ಅವಳು ಹಾಗೆಯೇ ಕುಸಿದು ಕೂತು, ಬಿರುಕಿನಲ್ಲಿ ಬೆಳೆದ ಒಂದು ಪೊದೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಇಷ್ಟು ಕಾಲದಿಂದ ಎತ್ತರಕ್ಕೆ ಹಂಬಲಿಸಿದವಳಿಗೆ ಎತ್ತರವೆಂದರೆ ಹೀಗಿರುತ್ತದೆ ಎಂಬುದೇ ಮರೆತುಹೋಗಿತ್ತು. ಶರ್ಮಿಳಾ, ಅಕ್ಷಯ್, ನಹ್ಲಾ ಬಂದರು. ಅವರು ಮರಗಳ ಪಕ್ಕದ ಅಗಲವಾದ ಜಾಗದಲ್ಲಿ ನಿಂತು ಫೋಟೋ ತೆಗೆಯಲು ಶುರುಮಾಡಿದರು.

"ಉಮ್ಮಾ, ಹೆದರಿಕೆಯಾ?" ನಹ್ಲಾ ನಕ್ಕಳು.

"ಸುಸ್ತು, ಅಷ್ಟೇ."

ಆಗ ಯೂಸುಫ್ ಮರಗಳ ಸಂದಿಯಿಂದ ಹೊರಬಂದ. ಎತ್ತರವೆಂದರೆ ಅವನಿಗೆ ಆಗದು. ಮಾಲಿನ ಗಾಜಿನ ಲಿಫ್ಟಿನಲ್ಲಿ ಬಾಗಿಲಿಗೆ ಮುಖ ಮಾಡಿ ನಿಲ್ಲುವವನು. ಎತ್ತರದ ಕಿಟಕಿಗೆ ಪರದೆ ಹಾಕುವ ಕೆಲಸವನ್ನೆಲ್ಲ ಅಝರ್‌ಗೆ ಬಿಡುವವನು. ಅಂಥವನು, ಬೇರು ಹೊಂಡ ಎಲ್ಲ ಮುಗಿಯಿತೆಂಬಂತೆ ಕೋಲನ್ನು ಮರಕ್ಕೊರಗಿಸಿ, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಬಂಡೆಯ ಮೇಲೆ ಅಂಗಳದಲ್ಲಿ ನಡೆದಂತೆ ನಡೆದ. ನಜ್ಮಾಳನ್ನು ದಾಟಿ ಮುಂದೆ ಹೋದ. ಅವಳಿಗೆ ಮೊದಲು ಆಶ್ಚರ್ಯವಾಯಿತು. ಇಷ್ಟು ಧೈರ್ಯ ಎಲ್ಲಿಂದ ಬಂತು ಇವರಿಗೆ? ಅವನು ಇನ್ನೊಂದು ಹೆಜ್ಜೆ ಇಟ್ಟ, ಮತ್ತೊಂದು ಇಟ್ಟ. ಬಂಡೆಯೂ ಬೂದು, ಅದರಾಚೆಯ ಮೋಡವೂ ಬೂದು. ಅವನ ಮುಖದಲ್ಲಿ ಹೆದರಿಕೆಯಿರಲಿಲ್ಲ. ಹೆದರಬೇಕಾದದ್ದನ್ನು ಕಂಡ ಗುರುತೇ ಇರಲಿಲ್ಲ.

ಕೂಗಿದರೆ ಬೆಚ್ಚಿ ಬೀಳುತ್ತಾನೆ ಎಂದು ಅವಳಿಗೆ ಹೊಳೆದದ್ದು ಹೇಗೋ. ಮೆಲ್ಲನೆ, ಮನೆಯಲ್ಲಿ ಚಾ ಬೇಕಾ ಎಂದು ಕೇಳುವ ದನಿಯಲ್ಲಿ ಹೇಳಿದಳು: "ಕೇಳಿದ್ರಾ, ಅಲ್ಲಿಯೇ ಕೂತ್ಕೊಳ್ಳಿ."

"ಇನ್ನೂ ಮುಂದೆ ಜಾಗ ಉಂಟಲ್ಲ."

"ಇಲ್ಲ. ಜಾಗ ಇಲ್ಲ. ಕೂತ್ಕೊಳ್ಳಿ."

ಅವನು ನಿಂತ. ಆದರೆ ಕೂರಲಿಲ್ಲ. ಬಲಗಾಲನ್ನು ಸ್ವಲ್ಪ ಮುಂದೆ ಚಾಚಿ, ಶೂವಿನ ತುದಿಯಿಂದ ನೆಲವನ್ನು ಹುಡುಕಿದ. ತುದಿಗೆ ನೆಲ ಸಿಗಲಿಲ್ಲ. ನಜ್ಮಾ ಪೊದೆಯನ್ನು ಬಿಟ್ಟಳು. ಎದ್ದು ನಿಲ್ಲುವ ಶಕ್ತಿಯಿರಲಿಲ್ಲ. ಕೈ ಮತ್ತು ಮೊಣಕಾಲೂರಿ, ಕೂಸಿನ ಹಾಗೆ ಅಂಬೆಗಾಲಿಟ್ಟು, ಕಣ್ಣು ಬಂಡೆಯ ಮೇಲಿನ ಕಲ್ಲುಹೂವಿನಿಂದ ಆಚೆ ಕದಲದಂತೆ ನೋಡಿಕೊಂಡು ಹೋದಳು. ಅವನ ಪ್ಯಾಂಟಿನ ಕಾಲು ಕೈಗೆ ಸಿಕ್ಕಿತು. ಆಮೇಲೆ ಬೆಲ್ಟು. ಅದನ್ನು ಹಿಡಿದು ಹಿಂದಕ್ಕೆ ಎಳೆದಾಗ ಇಬ್ಬರೂ ಒಬ್ಬರ ಮೇಲೊಬ್ಬರು ಬಿದ್ದರು.

ಆಚೆ ಕಡೆ ನಹ್ಲಾ ಫೋನನ್ನು ಕೆಳಗಿಳಿಸಿದ್ದಳು. ಅಕ್ಷಯ್ ಬಂದು ಇಬ್ಬರನ್ನೂ ಮರಗಳ ಬುಡಕ್ಕೆ ಕರೆತಂದು ಕೂರಿಸಿದ. ಶರ್ಮಿಳಾ ನೀರು ಕೊಟ್ಟಳು. ನಂತರ ಗಂಡನ ತೋಳು ಹಿಡಿದು, ನಹ್ಲಾಳನ್ನೂ ಕರೆದುಕೊಂಡು, ಸ್ವಲ್ಪ ದೂರ ಹೋಗಿ ನಿಂತಳು.

"ಎಷ್ಟು ದಿನದಿಂದ?" ಎಂದಳು ನಜ್ಮಾ.

ಯೂಸುಫ್ ಕನ್ನಡಕ ತೆಗೆದು ಒರೆಸಿದ. "ರಮದಾನಿಗಿಂತ ಮೊದಲು. ಬಲಗಣ್ಣಲ್ಲಿ ಶಾಯಿ ಚೆಲ್ಲಿದ ಹಾಗೆ ಕಪ್ಪು ತೇಲ್ತದೆ. ಎಡಗಣ್ಣಲ್ಲಿ ನಡುವೆ ಮಸುಕು. ಕನ್ನಡಕದ ಅಂಗಡಿಯವ ಹೇಳಿದ, ಇದು ಗ್ಲಾಸಿಂದ ಸರಿ ಆಗುವುದಲ್ಲ, ಶುಗರಿಂದ ಆದದ್ದು, ಆಸ್ಪತ್ರೆಗೆ ಹೋಗಿ ಅಂತ."

"ಹೋದ್ರಾ?"

ಅವನು ಕನ್ನಡಕವನ್ನು ಮತ್ತೆ ಹಾಕಿಕೊಂಡ.

"ಮನೆಯಲ್ಲೇ ಮದ್ದಿನ ಹುಡುಗಿ ಉಂಟು. ಅವಳಿಗೆ ಹೇಳಿದ್ರಾ?"

"ಹೇಳಿದ್ರೆ ಅದು ನಿಜ ಆಗ್ತದೆ ಅಂತ." ಅವನ ದನಿ ತೀರಾ ಸಣ್ಣದಾಗಿತ್ತು. "ಪರದೆಯವನಿಗೆ ಬಣ್ಣ ಕಾಣದಿದ್ರೆ ಇಲ್ಲಿ ಎಂತ ಕೆಲಸ? ಊರಿನ ಮನೆಯಾದ್ರೆ ಯಾವ ಗೋಡೆ ಎಲ್ಲಿ ಅಂತ ನನಗೆ ಕೈಗೇ ಗೊತ್ತುಂಟು. ಯಾರನ್ನೂ ಕೇಳ್ಬೇಕಾಗಿಲ್ಲ."

ಅವಳು ಜೋಡಿಸಲು ನೋಡಿದ ಮಾತೆಲ್ಲ ಎಲ್ಲೋ ಹೋಗಿ, ಬೇರೆಯೇ ಮಾತು ಬಂತು. "ನನಗೆ ಆ ಗೋಡೆ ಗೊತ್ತಿಲ್ಲ. ವರ್ಷಕ್ಕೊಮ್ಮೆ ಬ್ಯಾಗು ಹಿಡಿದುಕೊಂಡು ಹೋಗಿ ಅತಿಥಿ ಹಾಗೆ ಇದ್ದು ಬಂದವಳು ನಾನು. ನನ್ನನ್ನು ಕೇಳಿದ್ರಾ ನೀವು? ಒಂದು ಮಾತು?"

"ನೀನು ಬೇಡ ಅಂದಿದ್ರೆ ಯಾಕೆ ಅಂತ ಹೇಳ್ಬೇಕಾಗ್ತಿತ್ತು."

ಅಳು ಬರಲಿಲ್ಲ, ಸಿಟ್ಟು ಇನ್ನೂ ಇತ್ತು. "ಕಾರು?" ಎಂದಳು. "ನಹ್ಲಾಳನ್ನು ಕೂರಿಸಿ ಓಡಿಸಿದ್ರಾ?"

"ಒಂದು ಸಲ. ಸಿಗ್ನಲ್ಲು ಕಂಡದ್ದು ತಡವಾಯ್ತು. ಮತ್ತೆ ಮುಟ್ಲಿಲ್ಲ."

ಇಳಿಯುವಾಗ ನಜ್ಮಾ ಮುಂದೆ, ಅವಳ ಭುಜದ ಮೇಲೆ ಅವನ ಕೈ. ಹತ್ತುವಾಗ ಅವಳ ಕಣ್ಣಿಗೆ ಚಂದ ಕಂಡ ಬೆಳಕಿನ ಚುಕ್ಕೆಗಳೇ ಅವನಿಗೆ ಶತ್ರು ಎಂದು ಈಗ ತಿಳಿಯಿತು. ನೆರಳು ಯಾವುದು, ಹೊಂಡ ಯಾವುದು ಅವನಿಗೆ ಗೊತ್ತಾಗುತ್ತಿರಲಿಲ್ಲ. "ಬೇರು. ಎತ್ತರ ಉಂಟು," ಎನ್ನುವಳು. "ಕಲ್ಲು, ಎಡಕ್ಕೆ ಬನ್ನಿ." ಬೇರೆ ಮಾತೇ ಇರಲಿಲ್ಲ. ಅವಳ ಕಾಲು ತನ್ನ ವೇಗಕ್ಕೆ ಓಡಲು ನೋಡುವುದು. ಭುಜದ ಮೇಲಿನ ಕೈ ಹಿಂದಕ್ಕೆ ಜಗ್ಗುವುದು. ಅಷ್ಟು ನಿಧಾನವಾಗಿ ಅವಳು ಜೀವಮಾನದಲ್ಲಿ ನಡೆದಿರಲಿಲ್ಲ. ಅದು ಅವಳಿಗೆ ಇಷ್ಟವೂ ಆಗಲಿಲ್ಲ. ಕಾಡಿನ ಅರ್ಧದಲ್ಲಿ ನಹ್ಲಾ ಬಂದು ತಂದೆಯ ಇನ್ನೊಂದು ಕೈ ಹಿಡಿದುಕೊಂಡಳು. ಅವಳ ಮೂಗು ಕೆಂಪಾಗಿತ್ತು.

"ನಿಮ್ಮ ಶುಗರ್ ರಿಪೋರ್ಟ್ ತೋರಿಸಿ ಅಂದಾಗೆಲ್ಲ ನಾರ್ಮಲ್ ಅಂದ್ರಿ ಉಪ್ಪಾ," ಎಂದಳು.

"ಹೌದು ಮಗಳೇ. ಅಂದೆ."

ದೋಹಾಕ್ಕೆ ಮರಳಿದ ವಾರವೇ ಆಸ್ಪತ್ರೆ. ಕಣ್ಣಿನ ಒಳಗೇ ಚುಚ್ಚುವ ಇಂಜೆಕ್ಷನ್ ಎಂದಾಗ ಯೂಸುಫ್ ಕುರ್ಚಿಯಿಂದ ಎದ್ದು ನಿಂತ. ನಜ್ಮಾ ಅವನ ತೋಳು ಹಿಡಿದು ಕೂರಿಸಿದಳು. ಮೊದಲೇ ಬಂದಿದ್ದರೆ ಎಂದು ಡಾಕ್ಟರು ಶುರುಮಾಡಿ, ಅವನ ಮುಖ ನೋಡಿ ಮಾತು ನಿಲ್ಲಿಸಿದರು. ತಿಂಗಳುಗಟ್ಟಲೆ ಇಂಜೆಕ್ಷನ್, ಲೇಸರ್ ಎಂದು ಓಡಾಟ ನಡೆಯಿತು. ಎಡಗಣ್ಣು ಸುಮಾರಾಗಿ ತಿಳಿಯಾಯಿತು. ಬಲಗಣ್ಣಿನ ಕಪ್ಪು ಪೂರ್ತಿ ಹೋಗಲಿಲ್ಲ, ಹೋಗುವುದೂ ಇಲ್ಲ ಎಂದರು. ಬಟ್ಟೆಯನ್ನು ಮುಖದ ಹತ್ತಿರ ಹಿಡಿದರೆ ಬಣ್ಣ ತಿಳಿಯುತ್ತದೆ. ಟೇಪಿನ ಸಣ್ಣ ಗೆರೆಗಳು ಕಾಣುವುದಿಲ್ಲ. ಅಂಗಡಿಯನ್ನು ಯಾರಿಗೂ ಕೊಡಲಿಲ್ಲ. ಅಲ್ಲಿ ಕೆಲಸ ಮಾಡಲು ಬೇಕಾದ ಪರವಾನಗಿಯ ಕಾಗದಪತ್ರವನ್ನೆಲ್ಲ ನಹ್ಲಾ ಮಾಡಿಸಿದ ಮೇಲೆ ನಜ್ಮಾ ಅಂಗಡಿಗೆ ಹೋಗತೊಡಗಿದಳು. ಕಿಟಕಿ ಅಳೆಯಲು ಮನೆಮನೆಗೆ ಹೋಗುವ ಕೆಲಸ ಅವಳ ಪಾಲಿಗೆ ಬಂತು. ಗಂಡಸರು ಒಳಗೆ ಬರುವುದು ಬೇಡ ಎನ್ನುವ ಮನೆಗಳಿಂದ ಅವಳನ್ನೇ ಕರೆಯತೊಡಗಿದರು. ಏಣಿ ಹತ್ತುವಾಗ ಮೊದಮೊದಲು ಕೆಳಗೆ ನೋಡುತ್ತಿರಲಿಲ್ಲ.

ಊರಿನ ಮಾತು ಮುಗಿದಿಲ್ಲ. "ಒಂದು ವರ್ಷ. ಮತ್ತೆ ನೋಡುವ," ಎಂದಿದ್ದಾನೆ ಯೂಸುಫ್. ಆದರೆ ಈಗ ಅವನು ಹೇಳಿ ಸುಮ್ಮನಾಗುವುದಿಲ್ಲ, "ನೀನು ಎಂತ ಹೇಳ್ತಿ?" ಎನ್ನುತ್ತಾನೆ. ಕೆಲವೊಮ್ಮೆ ಅವಳು ಬೇಡ ಎನ್ನುತ್ತಾಳೆ. ಕೆಲವೊಮ್ಮೆ ಬೇಸಿಗೆಯ ಧೂಳು ಮೂಗಿಗೆ ತುಂಬಿ, ನಡೆಯಿರಿ ನಾಳೆಯೇ ಹೋಗುವ ಎಂದೂ ಹೇಳಿದ್ದಾಳೆ. ಒಳಗಿನ ಜುಮ್ಮೆನ್ನುವುದು ಪೂರ್ತಿ ಹೋಗಿಲ್ಲ. ಬೆಳಿಗ್ಗೆ ಅಂಗಡಿಯ ಬೀಗ ತೆಗೆಯುವ ಹೊತ್ತಿಗೆ ಸ್ವಲ್ಪ ಮರೆತಿರುತ್ತದೆ.

ಡ್ರೈವಿಂಗ್ ಕಲಿಯುತ್ತೇನೆ ಎಂದು ಅವಳು ಹೇಳಿದಾಗ ಮನೆಯಲ್ಲಿ ಯಾರೂ ನಂಬಲಿಲ್ಲ. ಪಾರ್ಕಿಂಗ್ ಟೆಸ್ಟಿನಲ್ಲಿ ಫೇಲಾದಳು. ಮತ್ತೆ ಫೇಲಾದಳು. ನಿಧಾನ ಮಾಡಿ ಮೇಡಂ, ಯಾರೂ ನಿಮ್ಮನ್ನು ಅಟ್ಟಿಸಿಕೊಂಡು ಬರುತ್ತಿಲ್ಲ ಎಂದು ಕಲಿಸುವವಳು ಹೇಳಿ ಹೇಳಿ ಸೋತಳು. ಕೊನೆಗೆ ಪಾಸಾಗಿ, ಹಳೆಯ ಕಾರಿನ ಧೂಳು ಒರೆಸಿ, ಕಣ್ಣಿನ ತಪಾಸಣೆಗೆಂದು ಯೂಸುಫ್‌ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟಳು. ಅವನು ಸೀಟ್ ಬೆಲ್ಟನ್ನು ಎರಡು ಕೈಯಲ್ಲಿ ಹಿಡಿದು, ಇಲ್ಲದ ಬ್ರೇಕನ್ನು ಕಾಲಿನಿಂದ ಒತ್ತುತ್ತಲೇ ಇದ್ದ. ರೌಂಡಬೌಟಿನಲ್ಲಿ ಅವಳು ಒಳಗಿನ ಲೇನಿನಲ್ಲಿ ಸಿಕ್ಕಿಬಿದ್ದಳು; ಆಸ್ಪತ್ರೆಯ ತಿರುವು ಪಕ್ಕದಲ್ಲೇ ಹಾದುಹೋಯಿತು. ಅವಳಿಗೆ ಹೊರಗೆ ಬರಲು ಜಾಗ ಸಿಗಲಿಲ್ಲ.

"ಹೋಯ್ತು," ಎಂದಳು.

"ಎಂತ ಹೋಯ್ತು?"

"ನಾವು ತಿರುಗಬೇಕಾದ ದಾರಿ."

ಹಿಂದಿನ ಲ್ಯಾಂಡ್‌ಕ್ರೂಸರಿನವನು ಹಾರ್ನ್ ಹೊಡೆದ. ಯೂಸುಫ್ ಬೆಲ್ಟಿನಿಂದ ಒಂದು ಕೈಯನ್ನು ಬಿಡಿಸಿಕೊಂಡ. "ಅವನು ಬೊಬ್ಬೆ ಹಾಕ್ಲಿ. ಯಲ್ಲಾ, ನಡೆ, ಇನ್ನೊಂದು ಸುತ್ತು ಹಾಕು. ಈ ಸಲ ಮೊದಲೇ ಹೊರಗಿನ ಲೇನಿಗೆ ಬಾ."

ಅವಳು ಇಂಡಿಕೇಟರ್ ಹಾಕಿ, ಕನ್ನಡಿ ನೋಡಿ, ಸುತ್ತು ಬರತೊಡಗಿದಳು.